ಎರಡನೇ ಹಾಳೆಗೆ ಬಿದ್ದ ಸಾಲು

ಗೆಳೆಯರೇ, ಇವತ್ತು ಬೀದರಿನ ಕಚೇರಿಯಲ್ಲಿ ಒಂದೇ ಒಂದು ಸಾಲಿಗಾಗಿ ಮೂರು ತಾಸು ಜಗಳ ಮಾಡಿ ಬಂದೆ.

ಔರಾದಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ನನ್ನ ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಸೇವಾ ವಿವರದ ಹಾಳೆ ಇಲ್ಲದೆ ನನ್ನ ಅನುಕಂಪದ ನೌಕರಿಯ ಅರ್ಜಿ ತೆಗೆದುಕೊಳ್ಳುವುದಿಲ್ಲ. ವರ್ಷದೊಳಗೆ ಅರ್ಜಿ ಕೊಡಬೇಕು, ಇವತ್ತೇ ಕೊನೆಯ ದಿನ. ಆ ವಿವರ ಬೆಂಗಳೂರಿನ ದೊಡ್ಡ ಕಂಪ್ಯೂಟರಿನಿಂದ ನೇರವಾಗಿ ಇಲ್ಲಿಯ ಪ್ರಿಂಟರಿಗೆ ಬರುತ್ತದೆ. ಬಂತು. ಆದರೆ ‘ನಿಧನ’ ಎಂಬ ಕೊನೆಯ ಸಾಲು ಮಾತ್ರ ಎರಡನೇ ಹಾಳೆಗೆ ಬಿದ್ದಿತ್ತು.

ಅರ್ಜಿ ತೆಗೆದುಕೊಳ್ಳುವ ಸಾಹೇಬರು ಮೊದಲ ಹಾಳೆ ನೋಡಿ, “ಇದರಾಗ ನಿಮ್ಮ ಮನಿಯವ್ರು ಇನ್ನಾ ಡ್ಯೂಟಿ ಮ್ಯಾಲೇ ಅದಾರಲ್ರಿ” ಎಂದರು.

“ಎರಡನೇ ಹಾಳಿ ನೋಡ್ರಿ, ಸಾಹೇಬ್ರ.”

“ಅದರಾಗ ಹೆಸರೇ ಇಲ್ರಿ. ಯಾರು ಹೋಗ್ಯಾರಂತ ತಿಳ್ಕೋಬೇಕು?”

ಪ್ರಿಂಟ್ ಕೊಡುವ ಗುಮಾಸ್ತರು, “ನಾ ಏನ್ ಮಾಡ್ಲಿರಿ ಅಕ್ಕಾರ, ಇಲ್ಲಿ ಹಳೇ ಉದ್ದನ್ನ ಕಾಗದಾನೇ ಅದ ಅಂತ ಬೆಂಗಳೂರಿನ ಮಷೀನು ತಿಳ್ಕೊಂಡದ. ನಾವು ಗಿಡ್ಡ ಕಾಗದ ಹಾಕ್ತೇವಿ” ಎಂದರು.

“ಹಂಗಾದ್ರ ಅದಕ್ಕ ಹೇಳ್ರಿ! ನನಗ ಯಾಕ ಹೇಳ್ತೀರಿ?” ಎಂದು ದನಿ ಎತ್ತಿದೆ.

ಕೊನೆಗೆ ಗುಮಾಸ್ತರು ಬೆಂಗಳೂರಿಗೆ ಫೋನ್ ಹಚ್ಚಿ, ಪುಟದ ಅಳತೆ ಬದಲಾಯಿಸಿ, ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿಸಿದರು. ಎಲ್ಲವೂ ಒಂದೇ ಹಾಳೆಯಲ್ಲಿ ಬಂತು. ಕಚೇರಿ ಮುಚ್ಚುವ ಮುಂಚೆ ಅರ್ಜಿ ಒಳಗೆ ಹೋಯಿತು.

“ಈಗ ಬರೋಬ್ಬರ್ ಆಯ್ತು ನೋಡ್ರಿ” ಎಂದು ಸಾಹೇಬರು ನಕ್ಕರು.

ಇವತ್ತು ಸಂಜೆಯ ತನಕ ಸರ್ಕಾರದ ಒಂದು ಹಾಳೆಯ ಮೇಲಾದರೂ ನನ್ನ ಯಜಮಾನರು ಡ್ಯೂಟಿಯಲ್ಲಿದ್ದರು. ನಾನೇ ಜಗಳಾಡಿ ಅವರನ್ನು ಡ್ಯೂಟಿಯಿಂದ ಬಿಡಿಸಿ ಬಂದೆ.