ತಟ್ಟೆ ಎತ್ತುವ ದೃಶ್ಯ

ನಾಟಕದವರೆಲ್ಲ ಆ ರೋಬೋಟಿಗೆ ಅಳಿಯ ಎಂದು ಹೆಸರಿಟ್ಟಿದ್ದರು. ಬಂದರೆ ದಾರಿ ಬಿಡಬೇಕು, ಹೊತ್ತಿಗೆ ಸರಿಯಾಗಿ ಚಾರ್ಜು ಮಾಡಬೇಕು, ಬೆವರು ಒರೆಸುವುದೊಂದು ಬಾಕಿ. ಅದು ಮಾಡುತ್ತಿದ್ದದ್ದು ಗಂಡನ ಪಾತ್ರ. ಹೆಂಡತಿಯ ಪಾತ್ರ ದೊಡ್ಡಕ್ಕನದು.

ದೊಡ್ಡಕ್ಕ ಚಿಕ್ಕಂದಿನಿಂದ ರಂಗ ಹತ್ತಿದವಳು. ಅತ್ತೆ, ದಾಸಿ, ಪಕ್ಕದ ಮನೆಯ ಬಾಯಿಬಡುಕಿ, ಎಲ್ಲವನ್ನೂ ಅರೆದು ಕುಡಿದಿದ್ದಳು. ಇಡೀ ನಾಟಕ ಅವಳ ಹೆಗಲೇರಿದ್ದು ಇದೇ ಮೊದಲು. ಅದೂ ಈಗ ಕೈತಪ್ಪುವಂತಿತ್ತು.

ತೊಡಕಿದ್ದದ್ದು ಕೊನೆಯ ದೃಶ್ಯದಲ್ಲಿ. ಊಟ ಮುಗಿಯುತ್ತದೆ, ಹೆಂಡತಿ ಸುಮ್ಮನೆ ಕೂತಿರುತ್ತಾಳೆ, ಗಂಡ ಮೊದಲ ಸಲ ಎದ್ದು ತಟ್ಟೆ ಎತ್ತುತ್ತಾನೆ. ಆದರೆ ಊಟ ಮುಗಿದದ್ದೇ ತಡ, ದೊಡ್ಡಕ್ಕನ ಕೈ ತಾನಾಗಿ ತಟ್ಟೆಗೆ ಹೋಗುತ್ತಿತ್ತು. ಹತ್ತಿರ ಮನುಷ್ಯರ ಕೈ ಕಂಡರೆ ಅಳಿಯ ಇದ್ದಲ್ಲೇ ನಿಂತುಬಿಡುತ್ತಿದ್ದ. ಯಾರಿಗೂ ಪೆಟ್ಟಾಗದಿರಲೆಂದು ಹಾಗೆ ಕಲಿಸಿದ್ದರು.

“ನೀವು ಕೈ ಹಾಕಿದ್ರೆ ಅದು ಮಾಡಲ್ಲ ಮೇಡಂ,” ಎಂದ ರೋಬೋಟು ನಡೆಸುವವನು.

“ನಮ್ಮನೇದೂ ಹಾಗೇ ಕಣಪ್ಪಾ.”

ಎಲ್ಲರೂ ನಕ್ಕರು. ನಿರ್ದೇಶಕಿ ನಗಲಿಲ್ಲ. “ದೊಡ್ಡಕ್ಕಾ, ನಾಡಿದ್ದು ನಾಟಕ. ನಾಳೆ ಸಂಜೆಗೂ ಕೈ ನಿಲ್ಲದಿದ್ರೆ ಬೇರೆಯವರನ್ನ ಹಾಕ್ಬೇಕಾಗತ್ತೆ.”

“ಎಷ್ಟು ಪಾತ್ರ ಕಲಿತ ಮೈ ಇದು! ಇದನ್ನೂ ಕಲಿಯತ್ತೆ ಬಿಡಮ್ಮ.”

ಮರುದಿನ ಮಧ್ಯಾಹ್ನ ಮನೆಯಲ್ಲಿ ಊಟವಾದ ಮೇಲೆ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಳು. ಗಂಡ ಪೇಪರು ಮಡಿಸಿದ, ಮತ್ತೆ ಬಿಚ್ಚಿದ.

“ಏನೇ, ಮೈ ಸರಿ ಇಲ್ವಾ?”

“ಚೆನ್ನಾಗಿದೀನಿ. ಪಾತ್ರ ಅಭ್ಯಾಸ ಮಾಡ್ತಿದೀನಿ.”

“ತಟ್ಟೆ ಒಣಗ್ತಿದೆಯಲ್ಲೇ.”

“ಒಣಗ್ಲಿ.”

ಬೆರಳುಗಳು ಚಡಪಡಿಸಿದವು. ಒಣಗಿದ ತಟ್ಟೆ ಉಜ್ಜುವ ಕಷ್ಟ ಅವಕ್ಕೆ ಗೊತ್ತಿತ್ತು. ಆ ಕಷ್ಟ ಹೇಗೂ ತನ್ನದೇ ಎಂಬ ಲೆಕ್ಕವೇ ಇಷ್ಟು ವರ್ಷ ಅವಳನ್ನು ಎಬ್ಬಿಸುತ್ತಿದ್ದದ್ದು. ಇವತ್ತು ಏಳಲಿಲ್ಲ. ಕೊನೆಗೆ ಗಂಡನೇ ಗೊಣಗುತ್ತ ಎದ್ದು ತಟ್ಟೆ ಎತ್ತಿದ.

“ಆ ಯಂತ್ರಕ್ಕಾದ್ರೂ ಕರೆಂಟು ಕೊಡ್ತಾರೆ.”

“ನಿಮಗೆ ಊಟ ಹಾಕಿದೀನಲ್ಲ!”

ಸಂಜೆಯ ತಾಲೀಮಿನಲ್ಲಿ ಕೈ ಕದಲಲಿಲ್ಲ. ಪಾತ್ರ ಉಳಿಯಿತು.

ನಾಟಕದ ದಿನ ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯದಲ್ಲಿ ಅಳಿಯ ಎದ್ದು ತಟ್ಟೆ ಎತ್ತಿದ. ಚಮಚ ಜಾರಿ ಠಣ್ಣೆಂದು ದೊಡ್ಡಕ್ಕನ ಕಾಲ ಬಳಿ ಬಿತ್ತು. ತಾಲೀಮಿನಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಮುಂದಿನ ಸಾಲಿನ ಹೆಂಗಸರು ತಾವೇ ಬಗ್ಗಿ ಎತ್ತುವವರಂತೆ ಕುರ್ಚಿಯಿಂದ ಮುಂದೆ ಸರಿದರು. ದೊಡ್ಡಕ್ಕ ಬಗ್ಗಿದರೆ ಕೈ ಅಡ್ಡ ಬರುತ್ತದೆ, ಅಳಿಯ ನಿಲ್ಲುತ್ತಾನೆ, ನಾಟಕವೂ ಅಲ್ಲಿಗೇ ನಿಲ್ಲುತ್ತದೆ. ದೊಡ್ಡಕ್ಕ ಚಮಚವನ್ನೊಮ್ಮೆ ನೋಡಿದಳು. ಆಮೇಲೆ ಕುರ್ಚಿಗೆ ಒರಗಿ, ಆರಾಮವಾಗಿ ಕಾಲು ಚಾಚಿದಳು. ಅಳಿಯ ತಟ್ಟೆ ಹಿಡಿದು ಒಳಗೆ ನಡೆದ. ಚಪ್ಪಾಳೆಗೆ ಸೂರು ಹಾರುವಂತಾಯಿತು.

ಪರದೆ ಬಿದ್ದ ಮೇಲೆ ರೋಬೋಟು ನಡೆಸುವವನು ಓಡಿ ಬಂದ. ದೊಡ್ಡಕ್ಕ ಇನ್ನೂ ಕೂತೇ ಇದ್ದಳು.

“ಚಮಚ ಎತ್ತೋದನ್ನೂ ನಿಮ್ಮ ಅಳಿಯಂಗೆ ಕಲಿಸಪ್ಪಾ,” ಎಂದಳು. “ನಾನಂತೂ ಮರೆತುಬಿಟ್ಟೆ.”