ಮಿಣುಕು ನಿಲ್ಲಿಸಿದ ಪೆಟ್ಟಿಗೆ

ಬೆಳಗ್ಗೆ ಎಂಟಾಗುವ ಮೊದಲೇ ಕೆಳಗಿನ ಕೋಣೆಯಲ್ಲಿ ತಗಡು ಬಡಿಯುವ ಸದ್ದು ಶುರುವಾಗುತ್ತಿತ್ತು. ಮೊದಲು ಒಂದು ದೊಡ್ಡ ಏಟು, ಆಮೇಲೆ ಸಣ್ಣ ಏಟುಗಳ ಸಾಲು, ತಗಡು ನರಳಿ ಮಣಿಯುವವರೆಗೂ. ಮೇಲಿನ ಕೋಣೆಯಲ್ಲಿದ್ದ ಟಿವಿ ಅಕ್ಕನಿಗೆ ಅದನ್ನು ಕೇಳಿದರೆ ಸಮಾಧಾನ. ತಮ್ಮ ಎದ್ದಿದ್ದಾನೆ, ಅವನ ಕೈ ಗಟ್ಟಿಯಾಗಿದೆ.

ಟಿವಿ ರಿಪೇರಿ ಅವಳಿಗೆ ಅಪ್ಪನಿಂದ ಬಂದ ಕಸುಬು. ಅಪ್ಪನ ಕೆಲಸ ಒಳ್ಳೆಯದು, ಕೈ ಕೆಟ್ಟದ್ದು. ಚಿತ್ರ ಮಿಣುಕಿದರೆ ಮೊದಲು ಟಿವಿಯ ನೆತ್ತಿಗೆ ಒಂದು ಬಿಡುತ್ತಿದ್ದ. ಆಗಲೂ ನಿಲ್ಲದಿದ್ದರೆ ಟಾರ್ಚ್ ಹಿಡಿದು ನಿಂತ ಮಗಳ ಕೆನ್ನೆಗೆ. ಒಮ್ಮೆ ಕಾದ ಬೆಸುಗೆ ಕಡ್ಡಿಯನ್ನೇ ಅವಳ ಮೊಣಕೈಗೆ ಒತ್ತಿದ್ದ. ಹತ್ತು ವರ್ಷ ತುಂಬುವಷ್ಟರಲ್ಲಿ ಅವಳು ಕಲಿತದ್ದು ಒಂದೇ ಪಾಠ: ಚಿತ್ರ ಅಲುಗದೆ ನಿಂತರೆ ಮನೆಯಲ್ಲಿ ಯಾರಿಗೂ ಏಟು ಬೀಳುವುದಿಲ್ಲ. ಅಪ್ಪ ಸತ್ತ ಮೇಲೆ ತಮ್ಮನನ್ನು ಸಾಕಿದ್ದೂ ಅದೇ ಪಾಠದ ಬಲದಿಂದ.

ಭಾನುವಾರ ಮಧ್ಯಾಹ್ನ ತಮ್ಮ ಸುತ್ತಿಗೆ ಬದಿಗಿಟ್ಟು, ಅಲ್ಲೇ ಗೂಡಿನಲ್ಲಿದ್ದ ಡಬ್ಬಾ ಟಿವಿಗೆ ಹಳೆಯ ವಿಡಿಯೊ ಗೇಮ್ ಯಂತ್ರ ಜೋಡಿಸುತ್ತಿದ್ದ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ತುರುಕಿದರೆ ಪರದೆಯ ಮೇಲೆ ಇಬ್ಬರು ಜಟ್ಟಿಗಳು ಬಡಿದಾಡುವ ಆಟ. ಎದುರಾಳಿ ಅವನ ಗೆಳೆಯ, ಲಾರಿ ಓಡಿಸುವ ಲಾರಿಯವನು. ನೋಡಲು ಕಟಿಂಗ್ ಅಂಗಡಿಯವನು ತಪ್ಪದೆ ಬರುತ್ತಿದ್ದ. ಜಟ್ಟಿಗಳ ಜಗಳ ಪರದೆ ದಾಟಿ ಇವರ ಕೈಗೆ ಬರಲು ತಡವಾಗುತ್ತಿರಲಿಲ್ಲ. ಗುದ್ದು ತಾಗಿತು ಎಂದು ಒಬ್ಬ, ತಾಗಲಿಲ್ಲ ಎಂದು ಇನ್ನೊಬ್ಬ. ಒಂದು ವಾರ ತಮ್ಮನ ಹುಬ್ಬು ಸೀಳಿತು. ಮುಂದಿನ ವಾರ ಲಾರಿಯವನ ಮುಂದಿನ ಹಲ್ಲು ನೆಲದ ಮೇಲಿತ್ತು.

"ಹುಡುಕಿಕೊಡ್ರೋ, ನಾಳೆ ಬೇಕಾಗುತ್ತೆ," ಎಂದು ಕಟಿಂಗ್ ಅಂಗಡಿಯವನು ನಕ್ಕ. ಅವನಿಗೂ ಒಂದು ಬಿತ್ತು.

ಟಿವಿ ಅಕ್ಕ ಮೆಟ್ಟಿಲಿಳಿದು ಬಂದು ಇಬ್ಬರ ನಡುವೆ ನಿಂತಳು. "ಮುಂದಿನ ವಾರದಿಂದ ಆಟ ಪೂರ್ತಿ ರೆಕಾರ್ಡ್ ಮಾಡ್ತೀನಿ. ತಾಗಿದ್ರೆ ತಾಗಿದೆ, ಇಲ್ಲಾಂದ್ರೆ ಇಲ್ಲ. ಒಪ್ಪಿಗೇನಾ?"

"ಅಕ್ಕ ಹೇಳಿದ್ಮೇಲೆ ಮುಗೀತು," ಎಂದ ಲಾರಿಯವನು, ಬಾಯಿಯ ರಕ್ತ ಉಗಿಯುತ್ತ.

ಬಿಡಿಭಾಗದ ಅಂಗಡಿಯವನು ನೋಡಲೆಂದು ಎರಡು ರೆಕಾರ್ಡಿಂಗ್ ಪೆಟ್ಟಿಗೆ ಕೊಟ್ಟ. ಒಂದು, ಹಳೆಯ ಯಂತ್ರ ಕಳಿಸಿದ್ದನ್ನು ಇದ್ದ ಹಾಗೇ ಹಿಡಿಯುವುದು. ಅದರಲ್ಲಿ ಗೆರೆ ಕಾಣುತ್ತಿತ್ತು, ಚಿತ್ರ ನಡುಗುತ್ತಿತ್ತು, ಬಿದ್ದೆದ್ದ ಜಟ್ಟಿ ಒಂದು ಕ್ಷಣ ಪಟಪಟನೆ ಮಿಣುಕುತ್ತಿದ್ದ. ಇನ್ನೊಂದರಲ್ಲಿ ಚಿತ್ರ ಕೊಡದಲ್ಲಿ ತುಂಬಿಟ್ಟ ನೀರಿನಷ್ಟು ನಿಶ್ಚಲ. "ಹಳೇ ಗೇಮಿಗೆ ಮೊದಲನೇದೇ ವಾಸಿ ಅಂತಾರೆ ಅಕ್ಕ," ಎಂದ ಅಂಗಡಿಯವನು. ಮಿಣುಕು ನೋಡಿದೊಡನೆ ಅವಳ ಕೆನ್ನೆ ತಾನಾಗಿ ಬಿಗಿದುಕೊಂಡಿತ್ತು. ಅವಳು ಎರಡನೆಯದನ್ನು ಎತ್ತಿಕೊಂಡಳು. "ನನಗೇ ಟಿವಿ ಪಾಠ ಹೇಳ್ತೀಯಾ?"

ಆ ಭಾನುವಾರ ಕೊನೆಯ ಸುತ್ತಿನಲ್ಲಿ ತಮ್ಮನ ಜಟ್ಟಿ ಬಿದ್ದು ಎದ್ದ. ಲಾರಿಯವನು ಗುದ್ದಿದ. ತಮ್ಮನ ಜಟ್ಟಿ ಅಲುಗಲಿಲ್ಲ. ತಿರುಗಿ ಒಂದೇ ಒದೆಗೆ ಲಾರಿಯವನ ಜಟ್ಟಿಯನ್ನು ಮಲಗಿಸಿದ.

"ನಂದು ತಾಗಿತ್ತು! ಅಕ್ಕ, ಹಾಕು ನೋಡೋಣ," ಎಂದು ಲಾರಿಯವನು ಎದ್ದ.

ಅವಳು ಹಾಕಿದಳು. ಲಾರಿಯವನ ಜಟ್ಟಿ ಗುದ್ದಿದಾಗ ಎದುರಿಗೆ ಯಾರೂ ಇರಲಿಲ್ಲ. ತಮ್ಮನ ಜಟ್ಟಿ ಪರದೆಯಿಂದಲೇ ಮಾಯವಾಗಿದ್ದ. ಒಂದು ಗಳಿಗೆ ಬಿಟ್ಟು ಮತ್ತೆ ಬಂದು ನಿಂತ.

"ಅಕ್ಕ ತಮ್ಮ ಸೇರಿ ಗೊಂಬೇನೇ ಅಳಿಸಿಬಿಟ್ರಾ? ನಾನೇನು ಕಣ್ಣಿಗೆ ಮಣ್ಣು ಹಾಕಿಸ್ಕೊಳ್ಳೋಕೆ ಬಂದಿದ್ದೀನಾ?"

ಅವಳ ಬಾಯಿಂದ ಮಾತು ಹೊರಡುವ ಮೊದಲೇ ಅವನು ತಮ್ಮನ ತಲೆಯನ್ನು ಗೋಡೆಗೆ ಅಪ್ಪಳಿಸಿದ್ದ. ಬಲಗೈಯನ್ನು ಎಳೆದು ತಗಡು ಬಡಿಯುವ ಕಬ್ಬಿಣದ ದಿಮ್ಮಿಯ ಮೇಲೆ ಒತ್ತಿದ. ಟಿವಿ ಅಕ್ಕ ಅವನ ಮಣಿಕಟ್ಟಿಗೆ ಹಲ್ಲು ಊರಿದಳು. ಬಾಯಿಗೆ ಉಪ್ಪುಪ್ಪು ರಕ್ತ ಬಂತು. ಅವನು ಬಿಡಲಿಲ್ಲ. ಸುತ್ತಿಗೆ ಎರಡು ಸಲ ಇಳಿಯಿತು. ಮೂರು ಬೆರಳು ಜಜ್ಜಿಹೋದವು.

ಆಸ್ಪತ್ರೆಯಲ್ಲಿ ತಮ್ಮ ಕಣ್ಣು ಬಿಟ್ಟಾಗ ಕೈ ಬಟ್ಟೆಯ ಉಂಡೆಯಾಗಿತ್ತು. ಅವನು ನೋವಿನ ಮಾತೆತ್ತಲಿಲ್ಲ.

"ನನಗೋಸ್ಕರ ಯಾಕಕ್ಕಾ ಹಾಗೆ ಮಾಡಿದೆ? ನಾನು ಗೆದ್ದೇ ಇದ್ದೆನಲ್ಲ."

"ನಾನು ಏನೂ ಅಳಿಸಿಲ್ಲ ಕಣೋ."

ಅವನು ಗೋಡೆಯ ಕಡೆ ಹೊರಳಿದ. ಮರುದಿನ ಅವಳು ತಂದ ಗಂಜಿಯನ್ನು ನರ್ಸಮ್ಮನ ಕೈಯಿಂದ ಕುಡಿದ.

ಮೂರನೆಯ ದಿನ ಅವಳು ಅಂಗಡಿಯಿಂದ ಮೊದಲನೆಯ ಪೆಟ್ಟಿಗೆ ತಂದಳು. ಅದೇ ಕ್ಯಾಸೆಟ್ ಹಾಕಿ, ಒಬ್ಬಳೇ ಎರಡು ಜಾಯ್‌ಸ್ಟಿಕ್ ಹಿಡಿದು, ಒಬ್ಬ ಜಟ್ಟಿಯನ್ನು ಬೀಳಿಸಿ ಎಬ್ಬಿಸಿದಳು. ಎರಡು ಪೆಟ್ಟಿಗೆಯಲ್ಲೂ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಹೋದಳು. ಯಂತ್ರ ಸೆಕೆಂಡಿಗೆ ಅರವತ್ತು ಚಿತ್ರ ಕಳಿಸುತ್ತಿತ್ತು. ಬಿದ್ದೆದ್ದವನಿಗೆ ಒಂದು ಕ್ಷಣ ಯಾವ ಏಟೂ ತಾಗದು ಎಂಬುದು ಆಟದ ನಿಯಮ; ಅದನ್ನು ತೋರಿಸಲು ಅವನು ಒಂದು ಚಿತ್ರದಲ್ಲಿ ಇರುತ್ತಿದ್ದ, ಮುಂದಿನದರಲ್ಲಿ ಇರುತ್ತಿರಲಿಲ್ಲ. ನಡುಕ ನಿಲ್ಲಿಸಲು ಅವಳ ಪೆಟ್ಟಿಗೆ ಒಂದು ಬಿಟ್ಟು ಒಂದು ಚಿತ್ರವನ್ನು ಎಸೆದಿತ್ತು. ಎಸೆದದ್ದೆಲ್ಲ ಅವನಿದ್ದ ಚಿತ್ರಗಳೇ.

ಅವಳು ಎದ್ದು ಮುಖ ತೊಳೆದು, ಕಟಿಂಗ್ ಅಂಗಡಿಯವನ ಕೈಲಿ ಲಾರಿಯವನನ್ನು ಕರೆಸಿ ಎರಡನ್ನೂ ತೋರಿಸಿದಳು.

ಲಾರಿಯವನು ಪಟ್ಟಿ ಸುತ್ತಿದ ಮಣಿಕಟ್ಟು ಹಿಡಿದುಕೊಂಡು ಮೂರು ಸಲ ನೋಡಿದ. "ಹಾಗಾದ್ರೆ ಅವನು ಮೋಸ ಮಾಡಿಲ್ವಾ?"

"ಇಲ್ಲ."

"ನೀನೂ ಮಾಡಿಲ್ಲ."

ಅವಳು ಪೆಟ್ಟಿಗೆಗಳ ವೈರು ಬಿಚ್ಚತೊಡಗಿದಳು.

"ಅಕ್ಕ, ಲಾರಿ ಹೊರಗಿದೆ, ಹತ್ತು. ನಾನೇ ಬಂದು ಅವನ ಕಾಲು ಹಿಡಿತೀನಿ. ಪೆಟ್ಟಿಗೆ ತಪ್ಪು ಅಂತ ಹೇಳ್ತೀನಿ."

"ನಿನ್ನ ಕೈ ಅವನ ಹತ್ತಿರ ಸುಳಿದ್ರೆ ಈ ಸಲ ಕಚ್ಚಿ ಬಿಡೋದಿಲ್ಲ, ಕಿತ್ತೇ ತೆಗಿತೀನಿ." ಅವಳು ಎರಡೂ ಪೆಟ್ಟಿಗೆಗಳನ್ನು ಚೀಲಕ್ಕೆ ಹಾಕಿಕೊಂಡಳು. "ಪೆಟ್ಟಿಗೆ ತಪ್ಪಂತೆ. ಬಿಡಿಭಾಗದ ಅಂಗಡಿಯವನು ಬೇಡ ಅಂದ್ರೂ ಕೇಳದೆ, ಚಂದ ಕಾಣುತ್ತೆ ಅಂತ ಅದನ್ನ ಆರಿಸಿದ್ದು—" ಎನ್ನುತ್ತ ಮೆಟ್ಟಿಲಿಳಿದು, ಲಾರಿಯ ಪಕ್ಕದಿಂದಲೇ ದಾಟಿ, ಆಸ್ಪತ್ರೆಯ ದಾರಿ ಹಿಡಿದಳು.