ಬಾಗಿಲ ಪಕ್ಕದ ಸ್ವಿಚ್ಚು

ಹಾಡು ಕೇಳೋಣ ಅಂತ ಕೂತರೆ ಆಂಪ್ಲಿಫೈಯರ್ ಆನ್ ಆಗಲೇ ಇಲ್ಲ. ಕೊಂಡು ಇನ್ನೂ ತಿಂಗಳಾಗಿಲ್ಲ! ಕೇಟಿ ಅನ್ನೋ ಈ ಪರದೇಶದ ಊರಿನ ನಮ್ಮ ಮನೆಯಿಂದಲೇ ಕಂಪನಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹೆಂಗಸು ಕೇಳಿದ ಮೊದಲ ಪ್ರಶ್ನೆ, "ಪ್ಲಗ್ ಹಾಕಿದ್ದೀರಾ ಸರ್?"

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಮೈಯೆಲ್ಲ ಉರಿದುಹೋಯಿತು.

"ಆ ಸಾಕೆಟ್‌ಗೆ ಗೋಡೆ ಮೇಲೆಲ್ಲಾದರೂ ಸ್ವಿಚ್ ಇದೆಯಾ?"

"ಸಾಕೆಟ್‌ಗೆ ಸ್ವಿಚ್ ಇರೋದು ನಮ್ಮ ದೇಶದಲ್ಲಿ, ನಿಮ್ಮಲ್ಲಲ್ಲ!" ಅಂತ ಕೂಗಾಡಿ, ಬೇರೆ ಪೀಸ್ ಕಳಿಸಲು ಒಪ್ಪಿಸಿಯೇ ಫೋನ್ ಇಟ್ಟೆ.

ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಆಗ ಬಾಗಿಲ ಪಕ್ಕದ ಸ್ವಿಚ್ ತೋರಿಸಿದರು. "ಇದನ್ನ ಒತ್ತಿದ್ರ ಯಾವ ಲೈಟೂ ಹತ್ತೂದಿಲ್ಲರಿ. ಸುಮ್ನ ಯಾಕ ಹಚ್ಚಿಡೂದು ಅಂತ ಬೆಳಿಗ್ಗೆ ನಾನ ಆರಿಸೇನಿ."

ಒತ್ತಿದೆ. ಆಚೆ ಮೂಲೆಯಲ್ಲಿ ಆಂಪ್ಲಿಫೈಯರಿನ ನೀಲಿ ದೀಪ ಹತ್ತಿತು.

ಬಾಗಿಲ ಹತ್ತಿರದ ಸ್ವಿಚ್ಚಿಗೆ ಆಚೆ ಮೂಲೆಯ ಸಾಕೆಟ್ ಜೋಡಿಸಿದ ಆ ಪುಣ್ಯಾತ್ಮ ಯಾರೋ! ಒಂದು ಚೀಟಿ ಅಂಟಿಸೋಕೆ ಅವನಿಗೇನಾಗಿತ್ತು?

ಹೊಸ ಪೀಸ್ ಬುಧವಾರ ಬರುತ್ತಂತೆ. ಹಳೆಯದನ್ನು ವಾಪಸ್ ಕಳಿಸುವ ಫಾರ್ಮಿನಲ್ಲಿ 'ತೊಂದರೆ ಏನು?' ಅನ್ನೋ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಅತ್ತೆಯ ಹೆಸರು ಬರೆಯೋಕೆ ಹೆಂಡತಿ ಬಿಡ್ತಿಲ್ಲ.